ಬ್ಯಾಂಕ್ ಸಾಲ ಕಡಿಮೆ ಮಾಡಿತು, ಮಾರುವವರು ಅಡ್ವಾನ್ಸ್ ವಾಪಸ್ ಕೊಡಲ್ಲ ಅಂತಾರೆ. ಈಗೇನು?

ಪ್ರಶ್ನೆ: ಬೆಂಗಳೂರಿನಲ್ಲಿ ಹತ್ತು ವರ್ಷ ಹಳೆಯದಾದ ಒಂದು ಮನೆ ಕೊಳ್ಳಲು ಅಗ್ರಿಮೆಂಟ್ ಮಾಡಿಕೊಂಡಿದ್ದೇವೆ. ಬೆಲೆ 84 ಲಕ್ಷ. ಟೋಕನ್ 1 ಲಕ್ಷ, ಅಗ್ರಿಮೆಂಟ್ ದಿನ 7 ಲಕ್ಷ, ಒಟ್ಟು 8 ಲಕ್ಷ ಕೊಟ್ಟಾಗಿದೆ. 90 ದಿನದೊಳಗೆ ರಿಜಿಸ್ಟ್ರೇಷನ್ ಆಗಬೇಕು. ಅಗ್ರಿಮೆಂಟ್‌ಗೆ ಮೊದಲೇ ಬ್ಯಾಂಕಿನವರು 60 ಲಕ್ಷ ಸಾಲ ಸಿಗುತ್ತದೆ ಎಂದು ಪತ್ರ ಕೊಟ್ಟಿದ್ದರು. ಆಮೇಲೆ ಅವರ ಇಂಜಿನಿಯರ್ ಮನೆ ನೋಡಿ, ಎರಡನೇ ಮಹಡಿ ಮಂಜೂರಾದ ಪ್ಲಾನ್‌ನಲ್ಲಿ ಇಲ್ಲ ಎಂದು ಬರೆದರು. ಈಗ 44 ಲಕ್ಷ ಮಾತ್ರ ಕೊಡುತ್ತೇವೆ ಅಂತಾರೆ. ಉಳಿದ 16 ಲಕ್ಷ ಹೊಂದಿಸೋದು ನಮ್ಮಿಂದ ಆಗಲ್ಲ. ಮಾರುವವರು "ಸಾಲ ನಿಮ್ಮ ತಲೆನೋವು, ಅಡ್ವಾನ್ಸ್ ವಾಪಸ್ ಇಲ್ಲ" ಅಂತಿದ್ದಾರೆ. ಅಗ್ರಿಮೆಂಟಿನಲ್ಲಿ ಸಾಲದ ಬಗ್ಗೆ ಒಂದು ಸಾಲೂ ಇಲ್ಲ. ಕೊಳ್ಳುವವರು ತಪ್ಪಿದರೆ ಮುಂಗಡ ಮುಟ್ಟುಗೋಲು, ಮಾರುವವರು ತಪ್ಪಿದರೆ ಎರಡರಷ್ಟು ವಾಪಸ್ ಎಂದು ಮಾತ್ರ ಇದೆ. 68 ದಿನ ಕಳೆದಿದೆ. ಏನು ಮಾಡೋದು?

ಉತ್ತರ: ಇನ್ನೂ 22 ದಿನ ಕೈಯಲ್ಲಿದೆ. ಅದೇ ನಿಮ್ಮ ದೊಡ್ಡ ಆಸ್ತಿ. ಬಹಳಷ್ಟು ಜನ 91ನೇ ದಿನ ಬಂದು ಕೂರುತ್ತಾರೆ. ಆಗ ಹೇಳಲು ಜಾಸ್ತಿ ಏನೂ ಉಳಿದಿರಲ್ಲ.

ಮೊದಲು ಒಂದು ಕೆಲಸ ಮಾಡಿ: ಮಾರುವವರಿಗೆ ವಾಟ್ಸಾಪ್ ಕಳಿಸೋದು ನಿಲ್ಲಿಸಿ. ಸುಮ್ನೆ ಹೇಳ್ತಿಲ್ಲ. ಕೆಲವು ವರ್ಷಗಳ ಹಿಂದೆ ಒಂದು ಗಂಡ ಹೆಂಡತಿ ನನ್ನ ಹತ್ತಿರ ಬಂದಿದ್ದರು. ಕೇಸು ಚೆನ್ನಾಗಿತ್ತು, ಮಾರುವವರ ದಾಖಲೆಯಲ್ಲೇ ತೊಡಕಿತ್ತು. ಆದರೆ ಒಂದು ರಾತ್ರಿ ಹನ್ನೊಂದು ಗಂಟೆಗೆ ಆ ಯಜಮಾನರು ಮೆಸೇಜ್ ಹಾಕಿದ್ದರು: "ಸರ್, ನಮ್ಮ ಹತ್ರ ದುಡ್ಡು ಹೊಂದ್ತಿಲ್ಲ. ಮನೆ ಬೇಡ. ಅಡ್ವಾನ್ಸ್ ವಾಪಸ್ ಮಾಡಿ ಪ್ಲೀಸ್." ಎದುರು ವಕೀಲರು ಅದನ್ನು ಪ್ರಿಂಟ್ ತೆಗೆದು ಮೇಜಿನ ಮೇಲಿಟ್ಟರು. ದಾಖಲೆಯ ತೊಡಕು ಹಿಂದಕ್ಕೆ ಹೋಯಿತು. ಮುಂದೆ ಉಳಿದದ್ದು ಆ ಮೂರು ವಾಕ್ಯ: ದುಡ್ಡಿಲ್ಲ, ಮನೆ ಬೇಡ, ಅಡ್ವಾನ್ಸ್ ಕೊಡಿ. ಹೀಗೆ ಬರೆದವರು ಕರಾರು ಮುರಿದವರು ತಾವೇ ಎಂದು ಒಪ್ಪಿಕೊಂಡ ಹಾಗೆ.

ನಿಮ್ಮ ವಿಷಯದಲ್ಲಿ ಪೂರ್ತಿ ಲೆಕ್ಕ ನಿಂತಿರೋದು ಒಂದೇ ಪ್ರಶ್ನೆಯ ಮೇಲೆ. ಸಾಲ ಕಡಿಮೆ ಆಗಿದ್ದು ನಿಮ್ಮಿಂದಲೋ, ಮನೆಯಿಂದಲೋ?

ನಿಮ್ಮ ಸಂಬಳ ಸಾಲದು, ಸಿಬಿಲ್ ಸ್ಕೋರ್ ಕಡಿಮೆ, ಹಳೆಯ ಸಾಲ ಒಂದನ್ನು ಮುಚ್ಚಿಟ್ಟಿದ್ದಿರಿ ಎಂಬ ಕಾರಣಕ್ಕೆ ಬ್ಯಾಂಕ್ ಕೈ ಎತ್ತಿದ್ದರೆ ಮಾರುವವರ ಮಾತೇ ಸರಿ. ನಮ್ಮ ಕಾನೂನಿನಲ್ಲಿ, ಕರಾರಿನಲ್ಲಿ ಬರೆಯದಿದ್ದರೆ, ಸಾಲ ಸಿಗುವುದು ಸಿಗದಿರುವುದು ಕೊಳ್ಳುವವರ ಪಾಡು. 1872ರ ಭಾರತೀಯ ಕರಾರು ಕಾಯ್ದೆಯ 56ನೇ ಸೆಕ್ಷನ್, ನೆರವೇರಿಸಲು ಸಾಧ್ಯವೇ ಇಲ್ಲದ ಕರಾರು ರದ್ದಾಗುತ್ತದೆ ಎನ್ನುತ್ತದೆ. ಅದನ್ನು ಹಿಡಿದುಕೊಂಡು "ಬ್ಯಾಂಕ್ ಕೊಡಲಿಲ್ಲ, ಆದ್ದರಿಂದ ಸಾಧ್ಯವಿಲ್ಲ" ಎಂದು ವಾದ ಮಾಡುವವರಿದ್ದಾರೆ. ಅದು ನಡೆಯಲ್ಲ. ದುಡ್ಡಿನ ಮುಗ್ಗಟ್ಟನ್ನು ಕೋರ್ಟು ಅಸಾಧ್ಯ ಎಂದು ಒಪ್ಪುವುದಿಲ್ಲ.

ಆದರೆ ನಿಮಗೆ ಬ್ಯಾಂಕ್ ಹೇಳಿದ್ದು ಬೇರೆ. ಲೆಕ್ಕ ನೋಡಿ. ರಿಸರ್ವ್ ಬ್ಯಾಂಕಿನ ನಿಯಮದಲ್ಲಿ 30 ಲಕ್ಷದವರೆಗಿನ ಸಾಲಕ್ಕೆ ಆಸ್ತಿ ಬೆಲೆಯ 90%, 30ರಿಂದ 75 ಲಕ್ಷದವರೆಗೆ 80%, ಅದಕ್ಕಿಂತ ಜಾಸ್ತಿಯಾದರೆ 75% ತನಕ ಮಾತ್ರ ಕೊಡಬಹುದು. ನಿಮಗೆ 44 ಲಕ್ಷ ಎಂದಿದ್ದಾರೆ. 80% ಲೆಕ್ಕದಲ್ಲಿ ಹಿಂದಕ್ಕೆ ಹೋದರೆ 55 ಲಕ್ಷ ಬರುತ್ತದೆ. ಅಂದರೆ 84 ಲಕ್ಷಕ್ಕೆ ಮಾತಾಡಿದ ಮನೆಗೆ ಬ್ಯಾಂಕಿನ ಇಂಜಿನಿಯರ್ ಎರಡನೇ ಮಹಡಿ ಬಿಟ್ಟು 55 ಲಕ್ಷ ಬೆಲೆ ಕಟ್ಟಿದ್ದಾರೆ ಅಂತ ಕಾಣುತ್ತದೆ. ನಿಮ್ಮ ಸಂಬಳ ನೋಡಿ 60 ಕೊಡಲು ಒಪ್ಪಿದ್ದ ಬ್ಯಾಂಕೇ ಇದು. ಅಲ್ಲಿಂದ ಇಲ್ಲಿಗೆ ನಿಮ್ಮ ಸಂಬಳವೇನೂ ಬದಲಾಗಿಲ್ಲ, ಅಲ್ವಾ?

ಈ ಮಾತು ಬ್ಯಾಂಕಿನ ಲೆಟರ್‌ಹೆಡ್ ಮೇಲೆ ಬರಬೇಕು. ನಾಳೆಯೇ ಶಾಖೆಗೆ ಹೋಗಿ. ಸಾಲದ ಮೊತ್ತ 60ರಿಂದ 44ಕ್ಕೆ ಇಳಿಯಲು ಕಾರಣ ಏನು ಎಂದು ಬರಹದಲ್ಲಿ ಕೇಳಿ. ವ್ಯಾಲ್ಯುಯೇಷನ್ ವರದಿಯ ಪ್ರತಿಯನ್ನೂ ಕೇಳಿ. ವರದಿ ಕೊಡಲು ಕೆಲವರು ಹಿಂದೆ ಮುಂದೆ ನೋಡುತ್ತಾರೆ. ಕೊಡದಿದ್ದರೆ ಇಮೇಲ್‌ನಲ್ಲಾದರೂ ಉತ್ತರ ತರಿಸಿಕೊಳ್ಳಿ. "ಎರಡನೇ ಮಹಡಿಗೆ ಮಂಜೂರಾತಿ ಇಲ್ಲದ ಕಾರಣ" ಎಂಬ ಐದು ಪದ ಆ ಇಮೇಲ್‌ನಲ್ಲಿದ್ದರೆ ಸಾಕು, ನಿಮ್ಮ ವಾದದ ಅರ್ಧ ಭಾಗ ಅದೇ. ಕೌಂಟರಿನ ಹಿಂದೆ ಕೂತವರು ಬಾಯಲ್ಲಿ ಹೇಳಿದ್ದಕ್ಕೆ ಮೂರು ಕಾಸಿನ ಬೆಲೆ ಇಲ್ಲ.

ಅಂದಹಾಗೆ, ಮೊದಲು ಕೊಟ್ಟ 60 ಲಕ್ಷದ ಪತ್ರವನ್ನು ಇನ್ನೊಮ್ಮೆ ಓದಿ. ಕೆಳಗೆ ಸಣ್ಣ ಅಕ್ಷರದಲ್ಲಿ "ಆಸ್ತಿಯ ಕಾನೂನು ಮತ್ತು ತಾಂತ್ರಿಕ ಪರಿಶೀಲನೆಗೆ ಒಳಪಟ್ಟು" ಎಂಬ ಅರ್ಥದ ಒಂದು ಸಾಲು ಇದ್ದೇ ಇರುತ್ತದೆ. ಬ್ಯಾಂಕ್ ಎರಡು ಸಲ ಹೂಂ ಅನ್ನುತ್ತದೆ. ಮೊದಲನೆಯದು ನಿಮ್ಮನ್ನು ನೋಡಿ, ಎರಡನೆಯದು ಮನೆಯನ್ನು ನೋಡಿ. ಮೊದಲನೇ ಹೂಂ ನಂಬಿಕೊಂಡು 8 ಲಕ್ಷ ಕೊಟ್ಟಿದ್ದೇ ನಿಮ್ಮ ತಪ್ಪು. ಬೇಜಾರು ಮಾಡಿಕೊಳ್ಳಬೇಡಿ, ಹತ್ತರಲ್ಲಿ ಒಂಬತ್ತು ಜನ ಹೀಗೇ ಮಾಡುತ್ತಾರೆ.

ಈಗ ಅಗ್ರಿಮೆಂಟ್ ಕೈಗೆ ತೆಗೆದುಕೊಳ್ಳಿ. ನೀವು ಕಳಿಸಿದ ಸಾಲುಗಳಲ್ಲಿ ಮುಟ್ಟುಗೋಲು ಮಾತ್ರ ಇದೆ, ಉಳಿದ ಪುಟ ನಾನು ನೋಡಿಲ್ಲ. ಡಿಟಿಪಿ ಅಂಗಡಿಯ ಮಾಮೂಲಿ ಅಗ್ರಿಮೆಂಟಿನಲ್ಲೂ ಒಂದೆರಡು ವಾಕ್ಯ ತಾವಾಗಿಯೇ ಬಂದು ಕೂತಿರುತ್ತವೆ. "ಸ್ವತ್ತು ಯಾವುದೇ ತಕರಾರಿನಿಂದ ಮುಕ್ತವಾಗಿದ್ದು", "ಮಾರುವವರು ಕ್ರಯಕ್ಕೆ ಮತ್ತು ಬ್ಯಾಂಕ್ ಸಾಲಕ್ಕೆ ಬೇಕಾದ ಎಲ್ಲ ದಾಖಲೆ ಒದಗಿಸತಕ್ಕದ್ದು", "ಕಟ್ಟಡವನ್ನು ಮಂಜೂರಾದ ನಕ್ಷೆಯಂತೆ ಕಟ್ಟಲಾಗಿದ್ದು" ಇಂಥವು. ಟೈಪ್ ಮಾಡುವವರು ಹಳೆಯ ಫೈಲಿನಿಂದ ಎತ್ತಿ ಹಾಕಿದ ವಾಕ್ಯಗಳು. ಆದರೆ ಸಹಿ ಬಿದ್ದ ಮೇಲೆ ಅವು ಮಾರುವವರ ಮಾತು. ಕೊನೆಯಲ್ಲಿ ಸ್ವತ್ತಿನ ವಿವರ ಬರೆದಿರುವ ಷೆಡ್ಯೂಲ್ ನೋಡಲು ಮರೆಯಬೇಡಿ. ಅಲ್ಲಿ "ನೆಲಮಹಡಿ, ಒಂದನೇ ಮತ್ತು ಎರಡನೇ ಮಹಡಿ ಒಳಗೊಂಡ ಕಟ್ಟಡ" ಎಂದು ಬರೆದು, ಒಳಗೆಲ್ಲೋ ನಕ್ಷೆ ಮಂಜೂರಾಗಿದೆ ಎಂದಿದ್ದರೆ, ಕೊಡುತ್ತೇನೆ ಎಂದಿದ್ದನ್ನು ಕೊಡಲು ಆಗದವರು ಅವರೇ.

ಅಂಥ ವಾಕ್ಯ ಇಲ್ಲದಿದ್ದರೆ? ಆಗ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಸೆಕ್ಷನ್ ಇದೆ. ತನಗೆ ಗೊತ್ತಿರುವ, ಕೊಳ್ಳುವವರಿಗೆ ಗೊತ್ತಿಲ್ಲದ, ಸಾಧಾರಣ ಎಚ್ಚರದಿಂದ ನೋಡಿದರೂ ಕಾಣದ ದೊಡ್ಡ ದೋಷವನ್ನು ಮಾರುವವರು ಹೇಳಲೇಬೇಕು ಎನ್ನುತ್ತದೆ ಅದು. ಇದರಲ್ಲಿ ಒಂದು ಮುಳ್ಳಿದೆ. "ಮಹಡಿ ಕಣ್ಣಿಗೆ ಕಾಣುತ್ತಿತ್ತು, ಪ್ಲಾನ್ ಕೇಳಿದ್ದರೆ ಕೊಡುತ್ತಿದ್ದೆ, ನೀವು ಕೇಳಲಿಲ್ಲ" ಎಂದು ಅವರು ಹೇಳಬಹುದು. ಆದ್ದರಿಂದ ಪ್ಲಾನ್ ಪ್ರತಿ ನಿಮ್ಮ ಕೈಗೆ ಯಾವ ದಿನ ಬಂತು ಎನ್ನುವುದು ಮುಖ್ಯ. ಅಗ್ರಿಮೆಂಟ್‌ಗೆ ಮೊದಲೇ ಬಂದಿದ್ದು ನೀವು ಬಿಡಿಸಿ ನೋಡಿಲ್ಲದಿದ್ದರೆ ಕಷ್ಟ. ಆಮೇಲೆ, ಬ್ಯಾಂಕ್ ಕೇಳಿದ ಮೇಲೆ ಬಂದಿದ್ದರೆ ಗಾಳಿ ನಿಮ್ಮ ಕಡೆ. ಹಳೆಯ ಇಮೇಲ್, ಬ್ರೋಕರ್ ಕಳಿಸಿದ ಪಿಡಿಎಫ್, ಎಲ್ಲದರ ತಾರೀಖು ಹುಡುಕಿ ತೆಗೆದಿಡಿ.

ಇನ್ನು ಅಡ್ವಾನ್ಸ್ ವಿಷಯ. ಹಳೆಯ ಕನ್ನಡದವರು ವ್ಯಾಪಾರ ಕುದುರಿಸಲು ಕೊಡುವ ಈ ಹಣಕ್ಕೆ ಸಂಚಕಾರ ಅನ್ನುತ್ತಿದ್ದರು. ಈಗ "ಜೀವಕ್ಕೆ ಸಂಚಕಾರ" ಎಂದರೆ ಮಾತ್ರ ನಮಗೆ ಆ ಪದ ಗೊತ್ತು. ಮುಂಗಡ ಕೊಟ್ಟು ಕೈ ಸುಟ್ಟುಕೊಂಡ ಯಾರೋ ಈ ಎರಡನೇ ಅರ್ಥ ಹುಟ್ಟಿಸಿರಬೇಕು ಅಂತ ನನ್ನ ಗುಮಾನಿ!

ಕೋರ್ಟುಗಳು ಇಲ್ಲಿ ಎರಡು ಬಗೆಯ ಹಣ ನೋಡುತ್ತವೆ. ಒಂದು, "ಮಾತು ಉಳಿಸಿಕೊಳ್ಳುತ್ತೇನೆ" ಎಂಬುದಕ್ಕೆ ಖಾತರಿಯಾಗಿ ಕೊಟ್ಟದ್ದು. ಇನ್ನೊಂದು, ಬೆಲೆಯಲ್ಲಿ ಒಂದು ಭಾಗವನ್ನು ಮೊದಲೇ ಕೊಟ್ಟದ್ದು. ಖಾತರಿ ಹಣವನ್ನು ತಪ್ಪಿದವರಿಂದ ಮುಟ್ಟುಗೋಲು ಹಾಕಿಕೊಳ್ಳಬಹುದು. ಬೆಲೆಯ ಭಾಗವನ್ನು ಸುಮ್ಮನೆ ನುಂಗಲು ಆಗುವುದಿಲ್ಲ. 1963ರ ಫತೇ ಚಂದ್ ಪ್ರಕರಣ ಇದಕ್ಕೆ ಬುನಾದಿ. ಅಲ್ಲಿ ಕೊಳ್ಳುವವರು 1,000 ರೂಪಾಯಿ ಖಾತರಿ ಹಣ, ಆಮೇಲೆ ಬೆಲೆಯ ಬಾಬ್ತು 24,000 ಕೊಟ್ಟಿದ್ದರು. ಸುಪ್ರೀಂ ಕೋರ್ಟು 1,000 ಮುಟ್ಟುಗೋಲಿಗೆ ಒಪ್ಪಿತು, 24,000ಕ್ಕೆ ಒಪ್ಪಲಿಲ್ಲ. ಕರಾರಿನಲ್ಲಿ ಏನೇ ದಂಡ ಬರೆದಿರಲಿ, ಕರಾರು ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಸಿಗುವುದು ನ್ಯಾಯವಾದ ಪರಿಹಾರ ಮಾತ್ರ, ಬರೆದ ಮೊತ್ತ ಅದಕ್ಕೊಂದು ಮೇಲಿನ ಮಿತಿ ಅಷ್ಟೇ ಎಂದಿತು.

2015ರಲ್ಲಿ ಕೈಲಾಶ್ ನಾಥ್ ಅಸೋಸಿಯೇಟ್ಸ್ ಪ್ರಕರಣದಲ್ಲಿ ಇದೇ ಮಾತು ಇನ್ನಷ್ಟು ಗಟ್ಟಿಯಾಯಿತು. ದೆಹಲಿ ಅಭಿವೃದ್ಧಿ ಪ್ರಾಧಿಕಾರ ಒಂದು ಪ್ಲಾಟ್ ಹರಾಜು ಹಾಕಿ, 78 ಲಕ್ಷ ಖಾತರಿ ಹಣ ಮುಟ್ಟುಗೋಲು ಹಾಕಿಕೊಂಡಿತ್ತು. ಅದೇ ಪ್ಲಾಟನ್ನು ಆಮೇಲೆ ಮೂರು ಪಟ್ಟಿಗಿಂತ ಜಾಸ್ತಿ ಬೆಲೆಗೆ ಮಾರಿತು. ನಷ್ಟವೇ ಆಗದಿದ್ದರೆ ಪರಿಹಾರ ಎಲ್ಲಿಂದ ಬಂತು ಎಂದು ಕೇಳಿದ ಕೋರ್ಟು ಹಣ ವಾಪಸ್ ಮಾಡಿಸಿತು.

ಇದನ್ನು ಓದಿ ಖುಷಿಯಾಗಿ ಕೂರಬೇಡಿ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನಿಂದಲೇ, ಬೆಂಗಳೂರಿನ ಆಸ್ತಿಯ ಮೇಲೇ, ಬೇರೆ ದಿಕ್ಕಿನ ತೀರ್ಪು ಬಂದಿದೆ. 2007ರ ಅಗ್ರಿಮೆಂಟ್. ಬೆಲೆ 55.5 ಲಕ್ಷ, ಮುಂಗಡ 20 ಲಕ್ಷ, ನಾಲ್ಕು ತಿಂಗಳ ಗಡುವು. ಮಾರುವವರು ತಮ್ಮ ಬ್ಯಾಂಕ್ ಬಾಕಿ ತೀರಿಸಬೇಕಿದ್ದುದರಿಂದ ಗಡುವು ಮುಖ್ಯವಾಗಿತ್ತು. ಕೊಳ್ಳುವವರು ಉಳಿದ ಹಣ ಕೊಡಲಿಲ್ಲ. ಮುಟ್ಟುಗೋಲಿನ ಮಾತು ಅಗ್ರಿಮೆಂಟಿನಲ್ಲಿ ಸ್ಪಷ್ಟವಾಗಿತ್ತು. ಬೆಲೆಯ ಮೂರನೇ ಒಂದು ಭಾಗಕ್ಕಿಂತ ಜಾಸ್ತಿಯಿದ್ದ ಆ ಹಣ ಹೋಯಿತು. ನಿಮ್ಮದು 84ರಲ್ಲಿ 8, ಹತ್ತನೇ ಒಂದಕ್ಕಿಂತ ಕಡಿಮೆ. ಇಷ್ಟು ಮೊತ್ತವನ್ನು ಖಾತರಿ ಹಣ ಎಂದು ಕರೆದರೆ ಯಾವ ಜಡ್ಜೂ ಹುಬ್ಬೇರಿಸುವುದಿಲ್ಲ. ಹಾಗಾಗಿ "74ನೇ ಸೆಕ್ಷನ್ ಇದೆ, ದುಡ್ಡು ಬಂದೇ ಬರುತ್ತೆ" ಎಂದು ಯಾರಾದರೂ ಭರವಸೆ ಕೊಟ್ಟರೆ ಅರ್ಧ ಮಾತ್ರ ನಂಬಿ. ನಿಮ್ಮ ಗಟ್ಟಿ ವಾದ ಅದಲ್ಲ, "ತಪ್ಪಿದ್ದು ನಾವಲ್ಲ" ಎನ್ನುವುದು.

ಆ ತೀರ್ಪಿನಲ್ಲಿ ಕಲಿಯಬೇಕಾದ ಇನ್ನೊಂದು ವಿಷಯವಿದೆ. ಕೊಳ್ಳುವವರು ರಿಜಿಸ್ಟ್ರೇಷನ್ ಮಾಡಿಕೊಡಿ ಎಂದು ಕೇಳಿದ್ದರೇ ಹೊರತು, ಅದಾಗದಿದ್ದರೆ ಅಡ್ವಾನ್ಸ್ ವಾಪಸ್ ಕೊಡಿಸಿ ಎಂದು ದಾವೆಯಲ್ಲಿ ಕೇಳಿರಲಿಲ್ಲ. 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 22ನೇ ಸೆಕ್ಷನ್‌ನಲ್ಲಿ, ಕೇಳದೆ ಈ ಪರಿಹಾರ ಕೊಡುವಂತಿಲ್ಲ ಎಂದಿದೆ. ಬಾಯಿ ಬಿಟ್ಟು ಕೇಳಿದರಷ್ಟೇ ಉಂಟು. ಮುಂದೆ ಯಾವತ್ತಾದರೂ ದಾವೆ ಹಾಕುವ ಹೊತ್ತು ಬಂದರೆ ನಿಮ್ಮ ವಕೀಲರು ಈ ಸಾಲನ್ನು ಸೇರಿಸಿದ್ದಾರಾ ಎಂದು ನೀವೇ ನೋಡಿ.

ಈ 22 ದಿನದಲ್ಲಿ ಏನು ಮಾಡಬೇಕು, ಹೇಳುತ್ತೇನೆ. ಬ್ಯಾಂಕಿನ ಬರಹ ಕೈಗೆ ಬಂದ ಕೂಡಲೇ ಮಾರುವವರಿಗೆ ಒಂದು ಪತ್ರ ಬರೆಯಿರಿ. ವಕೀಲರಿಂದ ಬರೆಸಿದರೆ ಒಳ್ಳೆಯದು. ನೀವೇ ಬರೆದರೂ ಆದೀತು, ಆದರೆ ಭಾಷೆ ಜೋಪಾನ. ಅದರಲ್ಲಿ "ಮನೆ ಬೇಡ" ಎಂದೂ ಇರಬಾರದು, "ದುಡ್ಡಿಲ್ಲ" ಎಂದೂ ಇರಬಾರದು. ನಾವು ಕೊಳ್ಳಲು ಸಿದ್ಧರಿದ್ದೇವೆ, ನಮ್ಮ ಪಾಲಿನ ಹಣ ಇಟ್ಟಿದ್ದೇವೆ, ಬ್ಯಾಂಕು ನಮಗೆ 60 ಲಕ್ಷ ಕೊಡಲು ಒಪ್ಪಿತ್ತು, ನೀವು ತೋರಿಸಿದ ಮನೆಯ ಎರಡನೇ ಮಹಡಿಗೆ ಮಂಜೂರಾತಿ ಇಲ್ಲವೆಂಬ ಒಂದೇ ಕಾರಣಕ್ಕೆ ಕಡಿಮೆ ಮಾಡಿದೆ, ಮಂಜೂರಾತಿ ದಾಖಲೆ ಇದ್ದರೆ ಇಷ್ಟು ದಿನದೊಳಗೆ ಕೊಡಿ, ಇಲ್ಲವಾದರೆ ಈ ಸ್ಥಿತಿಗೆ ನಾವು ಹೊಣೆಯಲ್ಲ, ಮುಂಗಡ ಹಿಂತಿರುಗಿಸಿ. ಸಾರ ಇಷ್ಟು. "ಸಿದ್ಧರಿದ್ದೇವೆ" ಎಂಬ ಪದಕ್ಕೆ ಕೋರ್ಟಿನಲ್ಲಿ ತೂಕ ಇದೆ. ಬರೀ ಪದ ಸಾಲದು, ನಿಮ್ಮ ಪಾಲಿನ 16 ಲಕ್ಷ (84ರಲ್ಲಿ ಕೊಟ್ಟಿರುವ 8, ಬ್ಯಾಂಕ್ ಮೊದಲು ಒಪ್ಪಿದ್ದ 60 ಕಳೆದು ಉಳಿದದ್ದು; ಈಗ ಬ್ಯಾಂಕ್ ಕಡಿಮೆ ಮಾಡಿದ 16 ಬೇರೆ) ಮತ್ತು ರಿಜಿಸ್ಟ್ರೇಷನ್ ಖರ್ಚು ನಿಜವಾಗಿ ಖಾತೆಯಲ್ಲಿ ಇರಬೇಕು. ಪಾಸ್‌ಬುಕ್ ಪುಟದ ಪ್ರತಿ ತೆಗೆದಿಡಿ.

ಆ ರಿಜಿಸ್ಟ್ರೇಷನ್ ಖರ್ಚನ್ನು ಬ್ಯಾಂಕ್ ಸಾಲದ ಲೆಕ್ಕಕ್ಕೆ ಹಿಡಿಯುವುದಿಲ್ಲ, ನೆನಪಿರಲಿ. ಕರ್ನಾಟಕದಲ್ಲಿ 45 ಲಕ್ಷ ದಾಟಿದ ಆಸ್ತಿಗೆ ಸ್ಟಾಂಪ್ ಡ್ಯೂಟಿ 5%, ಅದರ ಮೇಲೆ ಸೆಸ್, ಸರ್‌ಚಾರ್ಜ್. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ 1% ಇದ್ದದ್ದು 2% ಆಗಿದೆ. ಎಲ್ಲ ಸೇರಿ ನಿಮ್ಮ ಮನೆಗೆ ಆರು ಲಕ್ಷದ ಮೇಲಾಗುತ್ತದೆ.

ಪತ್ರವನ್ನು ತಲುಪಿದ್ದಕ್ಕೆ ಪುರಾವೆ ಸಿಗುವ ಹಾಗೆ ಸ್ಪೀಡ್ ಪೋಸ್ಟ್‌ನಲ್ಲಿ, ಅಗ್ರಿಮೆಂಟಿನಲ್ಲಿರುವ ವಿಳಾಸಕ್ಕೆ ಕಳಿಸಿ. ಅದನ್ನೇ ಇಮೇಲ್, ವಾಟ್ಸಾಪ್‌ನಲ್ಲೂ ಹಾಕಿ. ಈ ಸಲ ವಾಟ್ಸಾಪ್ ಪರವಾಗಿಲ್ಲ! 90ನೇ ದಿನದೊಳಗೆ ತಲುಪಲೇಬೇಕು. ಗಡುವು ಕಳೆದ ಮೇಲೆ ಬರೆದ ಪತ್ರ ಜಗಳಕ್ಕೆ ಉತ್ತರದಂತೆ ಕಾಣುತ್ತದೆ, ಮೊದಲೇ ಬರೆದದ್ದು ನಡೆದದ್ದನ್ನು ಹೇಳಿದಂತೆ ಕಾಣುತ್ತದೆ.

ಪತ್ರ ಹೋದ ಮೇಲೆ ಕೂತು ಮಾತಾಡಿ. ಮಾರುವವರಿಗೂ ಒಂದು ಸಂಕಟ ಇದೆ, ಅದನ್ನು ನಿಧಾನವಾಗಿ ಹೇಳಿ. ನಾಳೆ ಬರುವ ಇನ್ನೊಬ್ಬ ಗಿರಾಕಿಯೂ ಬ್ಯಾಂಕಿಗೇ ಹೋಗುತ್ತಾನೆ. ಅಲ್ಲಿಯ ಇಂಜಿನಿಯರೂ ಅದೇ ಮಹಡಿ ನೋಡುತ್ತಾರೆ. ಪೂರ್ತಿ ನಗದು ಎಣಿಸಿ ಕೊಡುವವರು ಎಷ್ಟು ಜನ ಸಿಕ್ಕಾರು? ಇಲ್ಲಿಂದ ಮೂರು ದಾರಿ ತೆರೆಯಬಹುದು. ಬೆಲೆ ಇಳಿಸಿ ವ್ಯಾಪಾರ ಮುಗಿಸುವುದು, ಬೇರೆ ಬ್ಯಾಂಕ್ ನೋಡಲು ಗಡುವು ಮುಂದೂಡುವುದು, ಇಲ್ಲವೇ ಒಂದಿಷ್ಟು ಹಿಡಿದುಕೊಂಡು ಉಳಿದದ್ದನ್ನು ವಾಪಸ್ ಮಾಡುವುದು. ನನ್ನ ಅನಿಸಿಕೆ ಕೇಳಿದರೆ, 8ರಲ್ಲಿ 7 ಲಕ್ಷ ಈ ತಿಂಗಳು ಕೈಗೆ ಬರುವುದಾದರೆ ತೆಗೆದುಕೊಂಡು ಎದ್ದು ಬನ್ನಿ. ಕೋರ್ಟ್ ಫೀಸು, ವಕೀಲರ ಫೀಸು, ವರ್ಷಗಟ್ಟಲೆ ತಿರುಗಾಟ ಲೆಕ್ಕ ಹಾಕಿದರೆ ಆ ಒಂದು ಲಕ್ಷ ದುಬಾರಿಯಲ್ಲ. ಎರಡರಷ್ಟು ವಾಪಸ್ ಎಂಬ ಸಾಲು ನೋಡಿ 16 ಲಕ್ಷದ ಕನಸು ಕಾಣಬೇಡಿ. ನಿಮ್ಮನ್ನು ಕಾಯುವ 74ನೇ ಸೆಕ್ಷನ್ನೇ ಅವರನ್ನೂ ಕಾಯುತ್ತದೆ.

ಗಡುವು ಮುಂದೂಡಿದರೆ ಬಾಯಿಮಾತು ಬೇಡ. ಸ್ಟಾಂಪ್ ಪೇಪರಿನ ಮೇಲೆ ಪೂರಕ ಕರಾರು ಮಾಡಿ, ಅಗ್ರಿಮೆಂಟಿಗೆ ಸಹಿ ಹಾಕಿದ ಎಲ್ಲರ ಸಹಿಯನ್ನೂ ತೆಗೆದುಕೊಳ್ಳಿ. ಅಣ್ಣ ತಮ್ಮಂದಿರ ಜಂಟಿ ಆಸ್ತಿಯಾಗಿದ್ದರೆ ಒಬ್ಬರು "ಆಯ್ತು ಬಿಡಿ" ಅಂದರೆ ಆಗಲಿಲ್ಲ. ಆ ಪೂರಕ ಕರಾರಿನಲ್ಲೇ ಮೊದಲ ಸಲ ಬಿಟ್ಟುಹೋದ ಸಾಲದ ಷರತ್ತನ್ನು ಸೇರಿಸಿ. ಹೆಚ್ಚುಕಡಿಮೆ ಹೀಗಿರಲಿ:

"ಕೊಳ್ಳುವವರು ಈ ಸ್ವತ್ತಿನ ಖರೀದಿಗೆ ಯಾವುದಾದರೂ ಒಂದು ಬ್ಯಾಂಕಿನಿಂದ ಕನಿಷ್ಠ 58 ಲಕ್ಷ ರೂಪಾಯಿ ಸಾಲದ ಅಂತಿಮ ಮಂಜೂರಾತಿ ಪತ್ರವನ್ನು ಈ ದಿನದಿಂದ 45 ದಿನದೊಳಗೆ ಪಡೆಯುವುದು ಈ ಕರಾರಿನ ಷರತ್ತಾಗಿರುತ್ತದೆ. ಕೊಳ್ಳುವವರು 10 ದಿನದೊಳಗೆ ಅರ್ಜಿ ಹಾಕಿ, ಬ್ಯಾಂಕ್ ಕೇಳಿದ ದಾಖಲೆಗಳನ್ನು ಒದಗಿಸತಕ್ಕದ್ದು. ಹಾಗೆ ಮಾಡಿಯೂ ಸದರಿ ಮೊತ್ತ ಮಂಜೂರಾಗದಿದ್ದಲ್ಲಿ, ಕೊಳ್ಳುವವರು 45ನೇ ದಿನದೊಳಗೆ ಬರಹದ ನೋಟಿಸ್ ಕೊಟ್ಟು ಕರಾರು ರದ್ದುಪಡಿಸಬಹುದು. ನೋಟಿಸ್ ತಲುಪಿದ 15 ದಿನದೊಳಗೆ ಮಾರುವವರು ಮುಂಗಡ ಹಣವನ್ನು ಪೂರ್ತಿಯಾಗಿ ಹಿಂತಿರುಗಿಸತಕ್ಕದ್ದು."

ಇದರಲ್ಲಿ ಒಂದೊಂದು ಪದವೂ ಒಂದೊಂದು ಜಗಳದಿಂದ ಹುಟ್ಟಿದೆ. "ಸಾಲ ಸಿಗದಿದ್ದರೆ" ಎಂದಷ್ಟೇ ಬರೆದವರಿಗೆ ಬ್ಯಾಂಕು ಹತ್ತು ಲಕ್ಷ ಕೊಟ್ಟರೂ "ಸಿಕ್ಕಿತಲ್ಲ" ಎನ್ನುವವರಿದ್ದಾರೆ, ಅದಕ್ಕೇ ಕನಿಷ್ಠ ಮೊತ್ತ. ಅಂತಿಮ ಎನ್ನದಿದ್ದರೆ ನಿಮ್ಮ ಆ 60 ಲಕ್ಷದ ಮೊದಲ ಪತ್ರವನ್ನೇ ತೋರಿಸಿ ಷರತ್ತು ಮುಗಿದಿದೆ ಅಂತಾರೆ. 10 ದಿನದಲ್ಲಿ ಅರ್ಜಿ ಎಂಬುದು ಮಾರುವವರ ಪರವಾದ ಮಾತು, ಅದಿದ್ದರೆ ಅವರೂ ಒಪ್ಪುತ್ತಾರೆ. ಮನಸ್ಸು ಬದಲಾದ ಕೊಳ್ಳುವವರು ಬೇಕೆಂದೇ ಅರ್ಜಿ ಹಾಕದೆ ಕೂತು "ಸಾಲ ಸಿಗಲಿಲ್ಲ" ಎನ್ನುವುದನ್ನು ಅದು ತಡೆಯುತ್ತದೆ. 45ನೇ ದಿನ ದಾಟಿದರೆ ಈ ಹಕ್ಕು ಮುಗಿಯಿತು. 46ನೇ ದಿನ ಬ್ಯಾಂಕ್ ಕೈ ಎತ್ತಿದರೆ ನೀವು ಮತ್ತೆ ಇವತ್ತಿನ ಜಾಗದಲ್ಲೇ ನಿಂತಿರುತ್ತೀರಿ. ಉತ್ತರ ಬಂದಿಲ್ಲವೆಂದರೆ 40ನೇ ದಿನವೇ ಒಂದೋ ಗಡುವು ಹೆಚ್ಚಿಸಿಕೊಳ್ಳಿ, ಇಲ್ಲವೇ ನೋಟಿಸ್ ಕೊಡಿ. ಸುಮ್ಮನಿದ್ದರೆ ಒಪ್ಪಿದ ಹಾಗೆ.

ಕರಾರು ಕಾಯ್ದೆಗೆ ಇಂಥ ಷರತ್ತು ಹೊಸದೇನಲ್ಲ. 31ರಿಂದ 36ರವರೆಗಿನ ಸೆಕ್ಷನ್‌ಗಳು ಷರತ್ತಿನ ಮೇಲೆ ನಿಂತ ಕರಾರುಗಳ ಬಗ್ಗೆಯೇ ಇವೆ. ಇಷ್ಟರೊಳಗೆ ಇಂಥದ್ದು ಆಗಬೇಕು ಎಂದು ಬರೆದು, ಆ ಅವಧಿಯಲ್ಲಿ ಅದಾಗದೆ ಹೋದರೆ ಕರಾರು ಬಿದ್ದುಹೋಗುತ್ತದೆ ಎನ್ನುತ್ತದೆ 35. ನೂರೈವತ್ತು ವರ್ಷದಿಂದ ಕಾಯ್ದೆಯಲ್ಲಿದ್ದರೂ ನಮ್ಮ ಅಗ್ರಿಮೆಂಟುಗಳಿಗೆ ಅದು ಇಳಿದಿಲ್ಲ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಮನೆ ಮಾರಾಟದ ಮಾದರಿ ಕರಾರಿನಲ್ಲೇ ಸಾಲದ ಮೊತ್ತ, ಸಾಲ ಕೊಡುವವರು, ಗಡುವಿನ ತಾರೀಖು ಎಂದು ತುಂಬುವ ಜಾಗ ಇರುತ್ತದೆ. ನಮ್ಮಲ್ಲಿ ಡಿಟಿಪಿ ಅಂಗಡಿಯ ಫೈಲಿನಲ್ಲಿ ಆ ಜಾಗವೇ ಇಲ್ಲ, ಕೇಳುವವರೂ ಇಲ್ಲ. "ಅದೆಲ್ಲ ಬರೆದರೆ ಪಾರ್ಟಿ ಬೇಜಾರಾಗ್ತಾರೆ" ಎಂದು ಬ್ರೋಕರ್ ಹೇಳುತ್ತಾರೆ, ನಾವೂ ಹೂಂ ಅನ್ನುತ್ತೇವೆ.

ನಿಮ್ಮದು ಬಿಲ್ಡರ್ ಫ್ಲಾಟ್ ಆಗಿದ್ದರೆ ಕಥೆ ಬೇರೆ. ಬಿಲ್ಡರ್‌ಗಳಿಗೆ ಲಗಾಮು ಹಾಕುವ ರೇರಾ ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ನೋಂದಾಯಿತ ಅಗ್ರಿಮೆಂಟ್ ಇಲ್ಲದೆ ಬಿಲ್ಡರ್ 10%ಕ್ಕಿಂತ ಜಾಸ್ತಿ ತೆಗೆದುಕೊಳ್ಳುವಂತಿಲ್ಲ. ಅವರು ಹೇಳಿದ ಸಮಯಕ್ಕೆ ಮನೆ ಕೊಡದಿದ್ದರೆ ಬಡ್ಡಿ ಸಮೇತ ವಾಪಸ್ ಕೇಳಬಹುದು. ನಿಮ್ಮ ಹಾಗೆ ಒಬ್ಬರು ಮತ್ತೊಬ್ಬರಿಗೆ ಮಾರುವ ಹಳೆಯ ಮನೆಗೆ ರೇರಾ ಬಾಗಿಲು ತೆರೆಯುವುದಿಲ್ಲ. ಸಿವಿಲ್ ಕೋರ್ಟೇ ಗತಿ. ಮಾರುವವರ ತಪ್ಪಿನಿಂದ ವ್ಯಾಪಾರ ಮುರಿದರೆ, ಕೊಟ್ಟ ಹಣದ ಮಟ್ಟಿಗೆ ಆ ಆಸ್ತಿಯ ಮೇಲೇ ನಿಮಗೆ ಹಕ್ಕು ಇರುತ್ತದೆ ಎಂದು 55ನೇ ಸೆಕ್ಷನ್ ಇನ್ನೊಂದು ಕಡೆ ಹೇಳುತ್ತದೆ. ನೋಟಿಸ್‌ನಲ್ಲಿ ವಕೀಲರು ಇದನ್ನೂ ಬರೆದರೆ ಎದುರಿನವರು ಕೊಂಚ ಗಮನ ಕೊಟ್ಟು ಓದುತ್ತಾರೆ. ದಾವೆಗೆ ಮೂರು ವರ್ಷ ಸಮಯವಿದೆ ಎಂದು ಆರಾಮಾಗಿ ಇರಬೇಡಿ, ಅಷ್ಟರಲ್ಲಿ ಮನೆ ಮಾರಿ ಅವರು ಎಲ್ಲಿಗೋ ಹೋಗಿರಬಹುದು.

ಹಣ ವಾಪಸ್ ಬರುವ ದಿನದ ಬಗ್ಗೆ ಒಂದು ಎಚ್ಚರಿಕೆ. ಮಾರುವವರು ರದ್ದತಿ ಪತ್ರಕ್ಕೆ ಸಹಿ ಕೇಳುತ್ತಾರೆ, ಅದು ಸರಿಯೇ. ಅಗ್ರಿಮೆಂಟ್ ನೋಂದಣಿ ಆಗಿದ್ದರೆ ಅದು ಇಸಿಯಲ್ಲಿ, ಅಂದರೆ ಆಸ್ತಿಯ ಋಣಭಾರ ಪತ್ರದಲ್ಲಿ, ಕಾಣುತ್ತಿರುತ್ತದೆ, ರದ್ದತಿಯನ್ನೂ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲೇ ನೋಂದಾಯಿಸಬೇಕು. ಅಂದರೆ ನಿಮ್ಮ ಸಹಿ ಅವರಿಗೆ ಬೇಕೇ ಬೇಕು. ಒಂದು ಕೈಯಲ್ಲಿ ಡಿಡಿ, ಇನ್ನೊಂದು ಕೈಯಲ್ಲಿ ಸಹಿ. "ಸಹಿ ಹಾಕಿ, ಮುಂದಿನ ವಾರ ಟ್ರಾನ್ಸ್‌ಫರ್ ಮಾಡ್ತೀನಿ" ಎಂದರೆ ಮುಂದಿನ ವಾರವೇ ಸಹಿ ಹಾಕಲು ಬರುತ್ತೇನೆ ಅನ್ನಿ. ಮುಂದಿನ ತಾರೀಖಿನ ಚೆಕ್ ಕೊಟ್ಟು, ಅದು ಬೌನ್ಸ್ ಆದರೆ ಬ್ಯಾಂಕಿನ ಮೆಮೊ ಬಂದ 30 ದಿನದೊಳಗೆ ನೋಟಿಸ್ ಕೊಡಬೇಕು, ಆಮೇಲೆ ಅವರಿಗೆ 15 ದಿನ ಸಮಯ. ಆ ರಾಮಾಯಣ ಯಾಕೆ, ಡಿಡಿಯನ್ನೇ ಕೇಳಿ.

ವಾಪಸ್ ಹಣವನ್ನು ನಗದಾಗಿ ತೆಗೆದುಕೊಳ್ಳಬೇಡಿ. ಆಸ್ತಿ ವ್ಯವಹಾರದ ಮುಂಗಡವನ್ನು 20,000 ಅಥವಾ ಅದಕ್ಕಿಂತ ಜಾಸ್ತಿ ನಗದಾಗಿ ತೆಗೆದುಕೊಳ್ಳುವುದನ್ನೂ, ಹಾಗೆ ಹಿಂತಿರುಗಿಸುವುದನ್ನೂ ಆದಾಯ ತೆರಿಗೆ ಕಾನೂನು ತಡೆಯುತ್ತದೆ. ತಪ್ಪಿದರೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಇನ್ನೊಂದು, 50 ಲಕ್ಷ ಮುಟ್ಟಿದ ಆಸ್ತಿಗೆ ಪ್ರತಿ ಕಂತಿನಲ್ಲೂ 1% ಟಿಡಿಎಸ್ (ಮಾರುವವರ ಪರವಾಗಿ ಮೊದಲೇ ಹಿಡಿಯುವ ತೆರಿಗೆ) ಹಿಡಿದು ಕಟ್ಟಬೇಕಿತ್ತು. ಕಟ್ಟಿದ್ದರೆ ಆ 8,000 ರೂಪಾಯಿ ಮಾರುವವರ ಪ್ಯಾನ್‌ಗೆ ಜಮೆಯಾಗಿರುತ್ತದೆ. ವಾಪಸ್ ಲೆಕ್ಕದಲ್ಲಿ ಅದನ್ನು ಯಾರು ಹೇಗೆ ಸರಿಮಾಡುವುದು ಎಂದು ರದ್ದತಿ ಪತ್ರದಲ್ಲೇ ಒಂದು ಸಾಲು ಬರೆಸಿ.

ಬ್ರೋಕರ್ ಕಮಿಷನ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಅಗ್ರಿಮೆಂಟ್ ದಿನ ಅರ್ಧ ಕೊಟ್ಟಿದ್ದರೆ ಅದು ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ. ಉಳಿದರ್ಧ ರಿಜಿಸ್ಟ್ರೇಷನ್ ದಿನಕ್ಕೆ ಎಂಬ ಮಾತಾಗಿದ್ದರೆ ಅದನ್ನು ಈಗ ಕೊಡಬೇಕಾಗಿಲ್ಲ. ಪ್ಲಾನ್ ಪ್ರತಿ ನಿಮಗೆ ಯಾವತ್ತು ಕಳಿಸಿದರು ಎಂದು ನೆನಪು ಮಾಡಿ ಹೇಳಲು ಮಾತ್ರ ಅವರನ್ನು ಚೆನ್ನಾಗಿ ಮಾತಾಡಿಸಿ ಇಟ್ಟುಕೊಳ್ಳಿ.